ನೆಟ್‌ವರ್ಕ್ ರ‍್ಯಾಕ್‌ನ ಅರ್ಥಿಂಗ್: ಮುಖ್ಯ ಫಲಕದಿಂದ ಕೊನೆಯ ಲಗ್‌ವರೆಗೆ

ಸ್ವಿಚ್, ಸರ್ವರ್‌ಗಳನ್ನು ಕೂರಿಸುವ ಲೋಹದ ಚೌಕಟ್ಟಾದ, ಚಾಲನೆಯಲ್ಲಿರುವ ನೆಟ್‌ವರ್ಕ್ ರ‍್ಯಾಕ್‌ನ ಬಾಗಿಲಿಗೆ ಕೈ ತಾಗಿದಾಗ ಬೆರಳು ಸಣ್ಣಗೆ ಜುಮ್ಮೆಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸ್ವಿಚ್, ರೂಟರ್, ಸರ್ವರ್ ಇವುಗಳ ಪವರ್ ಸಪ್ಲೈ ಒಳಗೆ ವಿದ್ಯುತ್ ಗದ್ದಲವನ್ನು ಸೋಸುವುದಕ್ಕಾಗಿ ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ಲೋಹದ ಹೊರಕವಚಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಹೊರಕವಚಕ್ಕೆ. ಅರ್ಥಿಂಗ್ ತಂತಿ ಸರಿಯಾಗಿದ್ದಾಗ ಇವುಗಳ ಮೂಲಕ ಸೋರುವ ಅಲ್ಪ ಪ್ರವಾಹ ಆ ತಂತಿಯಲ್ಲಿ ಹರಿದುಹೋಗುತ್ತದೆ. ತಂತಿ ಎಲ್ಲೋ ಕಡಿದಿದ್ದರೆ ಹೊರಕವಚವು ಪೂರೈಕೆಯ ಸುಮಾರು ಅರ್ಧದಷ್ಟು ವೋಲ್ಟೇಜ್‌ಗೆ, ಅಂದರೆ 230 ವೋಲ್ಟ್ ಪೂರೈಕೆಯಲ್ಲಿ 115 ವೋಲ್ಟ್ ಆಸುಪಾಸಿಗೆ, ಏರಿ ನಿಲ್ಲುತ್ತದೆ. ಒಂದು ಸಾಧನದ ಸೋರಿಕೆ ಸಾಮಾನ್ಯವಾಗಿ 1 ಮಿಲಿಆಂಪಿಯರ್‌ಗಿಂತ ಕಡಿಮೆ ಇರುವುದರಿಂದ ಬೆರಳು ಜುಮ್ಮೆಂದು ಮುಗಿಯುತ್ತದೆ. ಆದರೆ ಒಂದೇ ರ‍್ಯಾಕ್‌ಗೆ ಇಪ್ಪತ್ತು ಸಾಧನಗಳನ್ನು ಸ್ಕ್ರೂ ಹಾಕಿ ಕೂರಿಸಿದಾಗ ಅವುಗಳ ಸೋರಿಕೆಯೆಲ್ಲ ಒಂದೇ ಲೋಹಕ್ಕೆ ಸೇರಿ 10ರಿಂದ 20 ಮಿಲಿಆಂಪಿಯರ್ ಆಗಬಹುದು, ಮತ್ತು ಸುಮಾರು 10 ಮಿಲಿಆಂಪಿಯರ್ ದಾಟಿದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು ಮನುಷ್ಯನಿಗೆ ಕಷ್ಟವಾಗತೊಡಗುತ್ತದೆ.

ರ‍್ಯಾಕ್ ಕೂರಿಸುವ ತಂತ್ರಜ್ಞರು, ಕಟ್ಟಡದ ಎಲೆಕ್ಟ್ರಿಷಿಯನ್ನರು ಮತ್ತು ಅವರ ಕೆಲಸವನ್ನು ಪರಿಶೀಲಿಸಿ ಒಪ್ಪಿಕೊಳ್ಳಬೇಕಾದ ನೆಟ್‌ವರ್ಕ್ ಮೇಲ್ವಿಚಾರಕರು ಈ ಕ್ರಮವನ್ನು ಹಂತಹಂತವಾಗಿ ಅನುಸರಿಸಬಹುದು. ಮುಖ್ಯ ವಿದ್ಯುತ್ ಫಲಕದ ಒಳಗಿನ ಯಾವುದೇ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾತ್ರ ಮಾಡಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಈ ಕೆಲಸದಲ್ಲಿ ನಾನು ಕಂಡ ತೊಂದರೆಗಳ ಪೈಕಿ ಹೆಚ್ಚಿನವು ಅರ್ಥಿಂಗ್ ಗುಂಡಿ ಕೆಟ್ಟಿದ್ದರಿಂದ ಆದವಲ್ಲ. ಒಂದೇ ಕೋಣೆಯಲ್ಲಿರುವ ಲೋಹದ ವಸ್ತುಗಳು ಬೇರೆ ಬೇರೆ ಅರ್ಥಿಂಗ್‌ಗೆ ಸೇರಿದ್ದರಿಂದ, ಇಲ್ಲವೇ ಸೇರಿದಂತೆ ಕಂಡರೂ ವಾಸ್ತವದಲ್ಲಿ ಸೇರದೇ ಇದ್ದುದರಿಂದ ಆದವು. ಹಾಗಾಗಿ ಇಲ್ಲಿ ಹೇಳುವ ಪ್ರತಿಯೊಂದು ಹಂತವೂ ಒಂದೇ ಗುರಿಯತ್ತ ಸಾಗುತ್ತದೆ: ಕಟ್ಟಡದ ಎಲ್ಲ ಲೋಹವೂ ಒಂದೇ ಜಾಲಕ್ಕೆ, ಅಳೆದು ತೋರಿಸಬಹುದಾದ ರೀತಿಯಲ್ಲಿ, ಜೋಡಣೆಯಾಗಿರಬೇಕು.

ಮಣ್ಣಿನ ಕೆಲಸ, ತಂತಿಯ ಕೆಲಸ

ನೆಲಕ್ಕೆ ಒಂದು ಸಲಾಕೆ ಹೊಡೆದು ಅದಕ್ಕೆ ರ‍್ಯಾಕ್ ಜೋಡಿಸಿದರೆ ಅರ್ಥಿಂಗ್ ಮುಗಿಯಿತು ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಒಂದು ಲೆಕ್ಕ ಹಾಕಿ ನೋಡೋಣ. ಮಣ್ಣಿನ ನಿರೋಧಕತೆ 100 ಓಮ್-ಮೀಟರ್ ಇರುವ ಸಾಧಾರಣ ನೆಲದಲ್ಲಿ 16 ಮಿಲಿಮೀಟರ್ ದಪ್ಪದ, 3 ಮೀಟರ್ ಉದ್ದದ ಸಲಾಕೆಯನ್ನು ಪೂರ್ತಿ ಹೂತರೆ ಅದರ ರೋಧ ಸುಮಾರು 33 ಓಮ್ ಬರುತ್ತದೆ. ಸಾಧನದ ಒಳಗೆ ಫೇಸ್ ತಂತಿ ಕಳಚಿ ಹೊರಕವಚಕ್ಕೆ ತಾಗಿತು ಎಂದುಕೊಳ್ಳಿ. 230 ವೋಲ್ಟ್‌ನಿಂದ 33 ಓಮ್ ಮೂಲಕ ಹರಿಯುವುದು 7 ಆಂಪಿಯರ್ ಮಾತ್ರ. ಸಿ ಮಾದರಿಯ 16 ಆಂಪಿಯರ್ ಎಂಸಿಬಿ (ಪ್ರವಾಹ ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್) ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್, ಹರಿಯಬೇಕು. ಏಳು ಆಂಪಿಯರ್ ಎಂಸಿಬಿಯ ಪಾಲಿಗೆ ಸಾಮಾನ್ಯ ಹೊರೆ. ಅದು ಬೀಳುವುದೇ ಇಲ್ಲ, ರ‍್ಯಾಕ್ ಪೂರ್ತಿ ಕರೆಂಟ್ ಹೊತ್ತುಕೊಂಡು ನಿಂತಿರುತ್ತದೆ.

ಎಂಸಿಬಿ ಬೀಳುವಷ್ಟು ಪ್ರವಾಹ ಹರಿಯಬೇಕಾದರೆ ಅದಕ್ಕೆ ತಾಮ್ರದ ದಾರಿ ಬೇಕು. ರ‍್ಯಾಕ್‌ನಿಂದ ಹೊರಟ ಹಸಿರು-ಹಳದಿ ತಂತಿ ಕಟ್ಟಡದ ಮುಖ್ಯ ಅರ್ಥಿಂಗ್ ಟರ್ಮಿನಲ್ ತಲುಪಿ, ಅಲ್ಲಿಂದ ಪೂರೈಕೆಯ ನ್ಯೂಟ್ರಲ್ ಬಿಂದುವಿಗೆ ಮರಳುವ ಸುತ್ತು ಪೂರ್ಣವಾಗಬೇಕು. ಪೂರೈಕೆಯ ಏರ್ಪಾಡೇ ಮಣ್ಣನ್ನು ಮರಳುವ ದಾರಿಯಾಗಿ ಬಳಸುವಂತಿದ್ದರೆ ಎಂಸಿಬಿಯನ್ನು ನಂಬಿ ಕೂರುವಂತಿಲ್ಲ, ಸೋರಿಕೆಗೆ ಬೀಳುವ ಆರ್‌ಸಿಸಿಬಿ ಕಡ್ಡಾಯ. ಹಾಗಾದರೆ ಗುಂಡಿ, ಸಲಾಕೆಗಳು ಯಾಕೆ? ಸಿಡಿಲಿನ ಪ್ರವಾಹವನ್ನು ನೆಲಕ್ಕೆ ಹರಡುವುದಕ್ಕೆ, ಪೂರೈಕೆಯ ವೋಲ್ಟೇಜ್ ನೆಲಕ್ಕೆ ಹೋಲಿಸಿದಾಗ ಅಂಕೆಯಲ್ಲಿರುವಂತೆ ನೋಡಿಕೊಳ್ಳುವುದಕ್ಕೆ.

ಇದೇ ಕಾರಣಕ್ಕೆ ಕಂಪ್ಯೂಟರ್ ಕೋಣೆಗೆ ಬೇರೆಯೇ ಗುಂಡಿ ತೋಡಿ, ಅದನ್ನು ಕಟ್ಟಡದ ಅರ್ಥಿಂಗ್‌ಗೆ ಸೇರಿಸದೆ ‘ಶುದ್ಧ ಅರ್ಥಿಂಗ್’ ಎಂದು ಕರೆಯುವ ರೂಢಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಸಿಡಿಲು ಬಡಿದು 20 ಕಿಲೋಆಂಪಿಯರ್ ಪ್ರವಾಹವು 5 ಓಮ್ ರೋಧದ ಗುಂಡಿಗೆ ಇಳಿದರೆ ಆ ಕ್ಷಣದಲ್ಲಿ ಆ ಗುಂಡಿಗೆ ಸೇರಿದ ಲೋಹವೆಲ್ಲ ದೂರದ ನೆಲಕ್ಕಿಂತ ಒಂದು ಲಕ್ಷ ವೋಲ್ಟ್ ಮೇಲೇರುತ್ತದೆ. ಎಲ್ಲವೂ ಒಂದೇ ಜಾಲದಲ್ಲಿದ್ದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಸಾಧನಗಳ ನಡುವೆ ವ್ಯತ್ಯಾಸ ಹುಟ್ಟುವುದು ಕಡಿಮೆ. ಬೇರೆ ಗುಂಡಿಗೆ ಸೇರಿದ ರ‍್ಯಾಕ್ ಮಾತ್ರ ಕೆಳಗೇ ಉಳಿಯುತ್ತದೆ, ಮತ್ತು ಆ ವ್ಯತ್ಯಾಸವೆಲ್ಲ ಪವರ್ ಸಪ್ಲೈ ಹಾಗೂ ಡೇಟಾ ಪೋರ್ಟ್‌ಗಳ ಮೇಲೆ ಬೀಳುತ್ತದೆ. ಹೊಸ ಗುಂಡಿ ತೋಡಿದರೆ ತಪ್ಪಿಲ್ಲ. ಅದನ್ನು ಹಳೆಯದಕ್ಕೆ ದಪ್ಪ ತಾಮ್ರದಿಂದ ಸೇರಿಸದೇ ಬಿಡುವುದು ತಪ್ಪು.

ಮೊದಲ ಹಂತ: ಇರುವುದನ್ನು ಅಳೆಯಿರಿ

ಹೊಸ ತಂತಿ ಎಳೆಯುವ ಮುನ್ನ ರ‍್ಯಾಕ್‌ಗೆ ವಿದ್ಯುತ್ ಕೊಡಲಿರುವ ಸಾಕೆಟ್‌ನಲ್ಲಿ ಮಲ್ಟಿಮೀಟರ್‌ನಿಂದ ಮೂರು ಅಳತೆ ತೆಗೆಯಿರಿ: ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್. ಮೊದಲೆರಡು ಹೆಚ್ಚುಕಡಿಮೆ ಸಮನಾಗಿರಬೇಕು. ಮೂರನೆಯದು ಹೊರೆ ಇರುವಾಗ ಒಂದೆರಡು ವೋಲ್ಟ್ ಇದ್ದರೆ ಸಹಜ. ಅದು ಐದು ವೋಲ್ಟ್ ದಾಟಿದರೆ ನ್ಯೂಟ್ರಲ್ ಜೋಡಣೆ ಸಡಿಲವಾಗಿರಬಹುದು ಅಥವಾ ಆ ಲೈನಿನ ಮೇಲೆ ಹೊರೆ ಹೆಚ್ಚಾಗಿರಬಹುದು. ಹೊರೆ ಇದ್ದೂ ಮೀಟರ್ ಅಪ್ಪಟ ಸೊನ್ನೆ ತೋರಿಸಿದರೆ ಇನ್ನೂ ಹೆಚ್ಚು ಅನುಮಾನಿಸಬೇಕು, ಏಕೆಂದರೆ ಯಾರೋ ಸಾಕೆಟ್‌ನ ಹಿಂದೆಯೇ ನ್ಯೂಟ್ರಲ್ ಮತ್ತು ಅರ್ಥ್ ಪಿನ್‌ಗಳನ್ನು ತುಂಡು ತಂತಿಯಿಂದ ಸೇರಿಸಿಬಿಟ್ಟಿರುವ ಸಾಧ್ಯತೆ ಇದೆ. ಅಂಥ ಸಾಕೆಟ್‌ನಲ್ಲಿ ನ್ಯೂಟ್ರಲ್ ಕಡಿದ ದಿನ ರ‍್ಯಾಕ್‌ನ ಲೋಹದ ಮೇಲೆ ಪೂರ್ತಿ 230 ವೋಲ್ಟ್ ಬಂದು ಕೂರುತ್ತದೆ.

ಮಲ್ಟಿಮೀಟರ್‌ನ ಈ ಅಳತೆಗೆ ಒಂದು ದೊಡ್ಡ ಮಿತಿ ಇದೆ. ಡಿಜಿಟಲ್ ಮೀಟರ್‌ನ ಒಳರೋಧ ಸುಮಾರು 1 ಕೋಟಿ ಓಮ್ ಇರುವುದರಿಂದ, ಅರ್ಥಿಂಗ್ ತಂತಿ ತುಕ್ಕು ಹಿಡಿದು ಸಾವಿರ ಓಮ್ ಆಗಿದ್ದರೂ ಅದು ಫೇಸ್–ಅರ್ಥ್ ನಡುವೆ ನಿರಾತಂಕವಾಗಿ 230 ಎಂದು ತೋರಿಸುತ್ತದೆ. ಆ ತಂತಿ ದೋಷದ ಪ್ರವಾಹವನ್ನು ಹೊರಬಲ್ಲದೇ ಎಂದು ತಿಳಿಯಲು ಇಡೀ ಸುತ್ತಿನ ರೋಧ ಅಳೆಯುವ ಲೂಪ್ ಇಂಪಿಡೆನ್ಸ್ ಟೆಸ್ಟರ್ ಬೇಕು. 16 ಆಂಪಿಯರ್ ಸಿ ಮಾದರಿಯ ಎಂಸಿಬಿಗೆ 160 ಆಂಪಿಯರ್ ಖಚಿತವಾಗಿ ಹರಿಯಬೇಕಾದರೆ ಸುತ್ತಿನ ಒಟ್ಟು ರೋಧ 1.4 ಓಮ್ ಒಳಗಿರಬೇಕು. ಬಲ್ಬಿನ ಒಂದು ತುದಿಯನ್ನು ಫೇಸ್‌ಗೂ ಇನ್ನೊಂದನ್ನು ಅರ್ಥ್‌ಗೂ ಹಿಡಿದು ಪರೀಕ್ಷಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಅರ್ಥಿಂಗ್ ಕಡಿದಿದ್ದರೆ ಆ ಬಲ್ಬಿನ ಮೂಲಕ ಇಡೀ ಕಟ್ಟಡದ ಲೋಹಕ್ಕೆ ಕರೆಂಟ್ ಹತ್ತುತ್ತದೆ, ಆ ಹೊತ್ತಿನಲ್ಲಿ ಇನ್ನೊಂದು ಕೋಣೆಯಲ್ಲಿ ಯಾರು ಯಾವ ಸಾಧನವನ್ನು ಮುಟ್ಟಿಕೊಂಡಿದ್ದಾರೆ ಎಂಬುದು ನಿಮಗೆ ತಿಳಿದಿರುವುದಿಲ್ಲ.

ಗುಂಡಿಯ ರೋಧವನ್ನು ಮೂರು ಸಲಾಕೆಗಳ ವಿಧಾನದಲ್ಲಿ ಅಳೆಯಲಾಗುತ್ತದೆ: ಪ್ರವಾಹದ ಸಲಾಕೆಯನ್ನು ಗುಂಡಿಯ ಸಲಾಕೆಯಿಂದ ದೂರದಲ್ಲಿಯೂ, ವೋಲ್ಟೇಜ್ ಸಲಾಕೆಯನ್ನು ಆ ದೂರದ ಸುಮಾರು 62 ಶೇಕಡಾದಲ್ಲಿಯೂ ನೆಟ್ಟು ಅಳತೆ ತೆಗೆಯಬೇಕು. ರೋಧ ಹೆಚ್ಚಿದ್ದರೆ ದಪ್ಪ ಸಲಾಕೆ ತರುವುದರಿಂದ ಹೆಚ್ಚೇನೂ ಆಗದು; ಉದ್ದವನ್ನು ಹೆಚ್ಚಿಸಿ, ಇಲ್ಲವೇ ಇನ್ನೊಂದು ಸಲಾಕೆಯನ್ನು ಕನಿಷ್ಠ ಅದರ ಉದ್ದದಷ್ಟು ದೂರದಲ್ಲಿ ಹೂತು ಎರಡನ್ನೂ ಜೋಡಿಸಿ.

ಎರಡನೆಯ ಹಂತ: ಕೋಣೆಗೊಂದು ಬಸ್‌ಬಾರ್

ನೆಟ್‌ವರ್ಕ್ ಕೋಣೆಯ ಗೋಡೆಯ ಮೇಲೆ, ರ‍್ಯಾಕ್‌ಗೆ ಹತ್ತಿರದಲ್ಲಿ, ಮೊದಲೇ ತೂತುಗಳಿರುವ ತಾಮ್ರದ ಪಟ್ಟಿಯೊಂದನ್ನು, ಅಂದರೆ ಬಸ್‌ಬಾರ್ ಅನ್ನು, ಇನ್ಸುಲೇಟರ್‌ಗಳ ಮೇಲೆ ಕೂರಿಸಿ. ಟೆಲಿಕಾಂ ಕಟ್ಟಡಗಳ ಬಾಂಡಿಂಗ್ (ಲೋಹದ ಭಾಗಗಳನ್ನು ಪರಸ್ಪರ ಜೋಡಿಸುವುದು) ಕುರಿತ ಟಿಐಎ-607 ಮಾನದಂಡದ ಪ್ರಕಾರ ಈ ಪಟ್ಟಿ 6 ಮಿಲಿಮೀಟರ್‌ಗಿಂತ ತುಸು ಹೆಚ್ಚು ದಪ್ಪವಿರಬೇಕು. ಅಗಲ ಕಟ್ಟಡದ ಮುಖ್ಯ ಪಟ್ಟಿಗೆ 100 ಮಿಲಿಮೀಟರ್, ಪ್ರತಿ ಮಹಡಿಯ ಕೋಣೆಯ ಪಟ್ಟಿಗೆ 50 ಮಿಲಿಮೀಟರ್. ಇದೇ ವಿಷಯವನ್ನು ಐಎಸ್‌ಒ/ಐಇಸಿ 30129 ಮಾನದಂಡವೂ ವಿವರಿಸುತ್ತದೆ. ಒಂದೇ ರ‍್ಯಾಕ್ ಇರುವ ಸಣ್ಣ ಕಚೇರಿಗೆ ಇಷ್ಟು ದೊಡ್ಡ ಪಟ್ಟಿ ಬೇಕಾಗಲಿಕ್ಕಿಲ್ಲ, ಆದರೆ ಎಲ್ಲ ತಂತಿಗಳೂ ಬಂದು ಸೇರುವ, ಕಣ್ಣಿಗೆ ಕಾಣುವ, ಅಳೆಯಲು ಕೈಗೆಟುಕುವ ಒಂದು ಜಾಗ ಅಲ್ಲಿಯೂ ಬೇಕೇ ಬೇಕು.

ಈ ಪಟ್ಟಿಯಿಂದ ಕಟ್ಟಡದ ಮುಖ್ಯ ಅರ್ಥಿಂಗ್ ಟರ್ಮಿನಲ್‌ಗೆ ಎಳೆಯುವ ತಂತಿಯ ದಪ್ಪವನ್ನು ಉದ್ದಕ್ಕೆ ತಕ್ಕಂತೆ ಆರಿಸಬೇಕು. ಟಿಐಎ ಸೂತ್ರವನ್ನು ಮೆಟ್ರಿಕ್‌ಗೆ ಇಳಿಸಿದರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 3.3 ಚದರ ಮಿಲಿಮೀಟರ್ ತಾಮ್ರ ಎಂದಾಗುತ್ತದೆ. ನಾಲ್ಕು ಮೀಟರ್ ಒಳಗೆ 16 ಚದರ ಮಿಲಿಮೀಟರ್ ಸಾಕು, ಹದಿಮೂರು ಮೀಟರ್‌ಗೆ 50, ಇಪ್ಪತ್ತು ಮೀಟರ್‌ಗೆ 70 ಬೇಕು. ಉದ್ದ ಹೆಚ್ಚಿದಂತೆ ದಪ್ಪವೂ ಹೆಚ್ಚುವುದರಿಂದ ಎಲ್ಲ ಮಹಡಿಗಳ ಬಸ್‌ಬಾರ್‌ಗಳಿಗೂ ಒಂದೇ ಮಟ್ಟದ ರೋಧ ದೊರೆಯುತ್ತದೆ ಎಂಬುದು ಇದರ ಹಿಂದಿನ ವಿಚಾರ.

ಸಿಡಿಲಿನ ವಿಷಯಕ್ಕೆ ಬಂದರೆ ದಪ್ಪಕ್ಕಿಂತ ತಂತಿಯ ಉದ್ದ ಮತ್ತು ನೇರ ಹೆಚ್ಚು ಲೆಕ್ಕಕ್ಕೆ ಬರುತ್ತವೆ. ಯಾವುದೇ ನೇರ ತಂತಿಗೆ ಪ್ರತಿ ಮೀಟರ್‌ಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟನ್ಸ್, ಅಂದರೆ ಪ್ರವಾಹದ ಹಠಾತ್ ಬದಲಾವಣೆಯನ್ನು ತಡೆಯುವ ಗುಣ, ಇರುತ್ತದೆ. ಪ್ರವಾಹ ಒಂದು ಮೈಕ್ರೋಸೆಕೆಂಡಿಗೆ ಒಂದು ಕಿಲೋಆಂಪಿಯರ್ ವೇಗದಲ್ಲಿ ಏರಿದರೆ ಪ್ರತಿ ಮೀಟರ್ ತಂತಿಯ ಮೇಲೆ 1000 ವೋಲ್ಟ್ ಹುಟ್ಟುತ್ತದೆ, ತಂತಿಯನ್ನು ಎರಡು ಪಟ್ಟು ದಪ್ಪ ಮಾಡಿದರೂ ಇದು ಹೆಚ್ಚೇನೂ ತಗ್ಗುವುದಿಲ್ಲ. ಆದ್ದರಿಂದ ಮಿಕ್ಕ ತಂತಿಯನ್ನು ಸುರುಳಿ ಸುತ್ತಿ ಕಟ್ಟಿಡುವುದು ಅಂದವಾಗಿ ಕಂಡರೂ ಹಾನಿಕರ. ಅಳತೆಗೆ ಸರಿಯಾಗಿ ಕತ್ತರಿಸಿ. ತಿರುವುಗಳಲ್ಲಿ 200 ಮಿಲಿಮೀಟರ್‌ಗಿಂತ ಕಡಿಮೆಯಿಲ್ಲದ ತ್ರಿಜ್ಯದಲ್ಲಿ ನಿಧಾನವಾಗಿ ಬಾಗಿಸಿ. ಕಬ್ಬಿಣದ ಪೈಪಿನೊಳಗೆ ಒಂದು ಮೀಟರ್‌ಗಿಂತ ಹೆಚ್ಚು ದೂರ ತಂತಿ ಹಾಯಿಸಬೇಕಾದರೆ ಪೈಪಿನ ಎರಡೂ ತುದಿಗಳನ್ನು ಅದೇ ತಂತಿಗೆ ಜೋಡಿಸಬೇಕು, ಇಲ್ಲದಿದ್ದರೆ ಆ ಕಬ್ಬಿಣ ತಂತಿಯ ಸುತ್ತ ಚೋಕ್‌ನಂತೆ ವರ್ತಿಸಿ ವೇಗದ ಪ್ರವಾಹವನ್ನು ತಡೆಯುತ್ತದೆ.

ಮೂರನೆಯ ಹಂತ: ರ‍್ಯಾಕ್, ಬಣ್ಣ ಮತ್ತು ಲಗ್

ಒಮ್ಮೆ ಒಂದು ಕಟ್ಟಡದಲ್ಲಿ ಹೊಸದಾಗಿ ನಿಲ್ಲಿಸಿದ್ದ ರ‍್ಯಾಕ್ ಅನ್ನು ಪರೀಕ್ಷಿಸಲು ಹೋಗಿದ್ದೆ. ಹಸಿರು ತಂತಿಯನ್ನು ಚೊಕ್ಕವಾಗಿ ಎಳೆದು, ಲಗ್ (ತಂತಿಯ ತುದಿಗೆ ಒತ್ತುವ, ತೂತಿರುವ ಲೋಹದ ತುಂಡು) ಹಾಕಿ, ಬೋಲ್ಟ್ ಬಿಗಿದಿದ್ದರು; ನೋಡಿದವರು ಮೆಚ್ಚುವಂತಿತ್ತು. ರ‍್ಯಾಕ್‌ನ ಚೌಕಟ್ಟಿನಿಂದ ಬಸ್‌ಬಾರ್‌ವರೆಗೆ ಅಳೆದರೆ ಮೀಟರ್ 14 ಓಮ್ ತೋರಿಸಿತು. ಬೋಲ್ಟ್ ಬಿಚ್ಚಿದಾಗ ಲಗ್‌ನ ಅಡಿಯಲ್ಲಿ ಕಪ್ಪು ಪೌಡರ್ ಕೋಟಿಂಗ್ ಒಂದಿಷ್ಟೂ ಗೀರಿಲ್ಲದೆ ಹೊಳೆಯುತ್ತಿತ್ತು, ಬೋಲ್ಟಿನ ಎಳೆಗಳು ತೂತಿನ ಅಂಚನ್ನು ತಾಗಿದ್ದಷ್ಟೇ ಸಂಪರ್ಕ. ಉಪ್ಪುಕಾಗದ ತೆಗೆದುಕೊಂಡು ಲಗ್ ಕೂರುವಷ್ಟು ಜಾಗದ ಬಣ್ಣವನ್ನು ಬೆಳ್ಳನೆಯ ಉಕ್ಕು ಕಾಣುವವರೆಗೆ ಉಜ್ಜಿ, ಮತ್ತೆ ಬಿಗಿದು ಅಳೆದಾಗ 0.03 ಓಮ್ ಬಂತು. ತಂತಿ, ಲಗ್, ಬೋಲ್ಟ್ ಎಲ್ಲ ಅವೇ.

ಹೀಗಾಗಿ ಈ ಹಂತವನ್ನು ಆತುರದಲ್ಲಿ ಮಾಡಬಾರದು. ಮೊದಲು ರ‍್ಯಾಕ್‌ನ ತಯಾರಕರು ಅರ್ಥಿಂಗ್‌ಗೆಂದು ಗುರುತು ಹಾಕಿರುವ ಜಾಗವನ್ನು ಹುಡುಕಿ. ಅಲ್ಲಿ ಬಣ್ಣವಿಲ್ಲದ ಲೋಹ ಅಥವಾ ಸ್ಟಡ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಬಣ್ಣ ಉಜ್ಜಿ, ಉಜ್ಜಿದ ಧೂಳನ್ನು ಒಣಬಟ್ಟೆಯಿಂದ ಒರೆಸಿ, ತುಕ್ಕು ತಡೆಯುವ ಪೇಸ್ಟನ್ನು ತೆಳುವಾಗಿ ಸವರಿ. ಲಗ್ ಎರಡು ತೂತಿನದಾಗಿರಲಿ. ಒಂದೇ ತೂತಿನ ಲಗ್ ತಂತಿಗೆ ಯಾರಾದರೂ ತಾಗಿದಾಗ ತಿರುಗಿ ಬೋಲ್ಟನ್ನು ಸಡಿಲಿಸುತ್ತದೆ. ಎರಡು ತೂತಿನದು ತಿರುಗಲಾರದು. ತವರ ಲೇಪಿತ ತಾಮ್ರದ ಲಗ್ ಆರಿಸಿದರೆ ಉಕ್ಕು ಮತ್ತು ಅಲ್ಯೂಮಿನಿಯಂ ಎರಡರ ಜೊತೆಗೂ ತುಕ್ಕಿನ ತಕರಾರು ಕಡಿಮೆ. ತಂತಿಯ ಅಳತೆಗೆ ಹೊಂದುವ ಡೈ ಇರುವ ಕ್ರಿಂಪಿಂಗ್ ಉಪಕರಣದಿಂದಲೇ ಲಗ್ ಒತ್ತಬೇಕು. ಇಕ್ಕಳದಿಂದ ಜಜ್ಜಿದ ಲಗ್ ಒಂದೆರಡು ವರ್ಷ ಚೆನ್ನಾಗಿಯೇ ಇದ್ದು ಆಮೇಲೆ ಸಡಿಲಾಗುತ್ತದೆ, ಆ ಹೊತ್ತಿಗೆ ಅದನ್ನು ನೋಡುವವರು ಯಾರೂ ಇರುವುದಿಲ್ಲ. ಒತ್ತಿದ ಬಳಿಕ ಕೈಯಿಂದ ಬಲವಾಗಿ ಎಳೆದು ನೋಡಿ. ಕಚ್ಚಿಕೊಳ್ಳುವ ಹಲ್ಲಿನ ವಾಷರ್ ಹಾಕಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಬಿಗಿಯಿರಿ.

ರ‍್ಯಾಕ್‌ನಿಂದ ಬಸ್‌ಬಾರ್‌ಗೆ ಹೋಗುವ ತಂತಿ 16 ಚದರ ಮಿಲಿಮೀಟರ್ ಇರಲಿ. ಪ್ರತಿ ರ‍್ಯಾಕ್‌ಗೂ ಪ್ರತ್ಯೇಕ ತಂತಿ ಎಳೆಯಬೇಕು. ಮೊದಲ ರ‍್ಯಾಕ್‌ನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಎಂದು ಸರಪಳಿ ಮಾಡಿದರೆ ನಡುವಿನ ರ‍್ಯಾಕ್ ಸ್ಥಳಾಂತರಿಸಿದ ದಿನ ಅದರಾಚೆಯವೆಲ್ಲ ಅನಾಥವಾಗುತ್ತವೆ. ಬಾಗಿಲು ಮತ್ತು ಪಕ್ಕದ ಹಲಗೆಗಳು ಕೀಲಿನ ಮೂಲಕ ಸಂಪರ್ಕದಲ್ಲಿವೆ ಎಂದು ಭಾವಿಸದೆ ಹೆಣೆದ ತಾಮ್ರದ ಪಟ್ಟಿಯಿಂದ ಚೌಕಟ್ಟಿಗೆ ಜೋಡಿಸಿ. ಕೋಣೆಯ ಕೇಬಲ್ ಟ್ರೇ, ಲೋಹದ ಎತ್ತರಿಸಿದ ನೆಲ, ಎಸಿ ಯಂತ್ರದ ಚೌಕಟ್ಟು ಇವೂ ಅದೇ ಬಸ್‌ಬಾರ್‌ಗೆ ಬರಬೇಕು. ಟ್ರೇಯ ಪ್ರತಿ ತುಂಡಿನ ಸೇರುವೆಗೂ ಎರಡು ತುಂಡುಗಳನ್ನು ಸೇರಿಸುವ ಒಂದು ಜಿಗಿತಂತಿ (ಜಂಪರ್) ಬೇಕು.

ನಾಲ್ಕನೆಯ ಹಂತ: ಸಾಧನಗಳು ಮತ್ತು ಯುಪಿಎಸ್

ರ‍್ಯಾಕ್‌ಗೆ ಸ್ಕ್ರೂ ಹಾಕಿದ ಮಾತ್ರಕ್ಕೆ ಸ್ವಿಚ್ ಅರ್ಥ್ ಆಗುವುದಿಲ್ಲ, ಎರಡರ ಮೇಲೂ ಬಣ್ಣವಿರುತ್ತದೆ. ಹಿಂಬದಿಯಲ್ಲಿ ಅರ್ಥಿಂಗ್ ಗುರುತಿರುವ ಸ್ಕ್ರೂ ಇದ್ದರೆ, ಕೈಪಿಡಿ ಹೇಳಿದ ದಪ್ಪದ ತಂತಿಯಿಂದ ಅದನ್ನು ರ‍್ಯಾಕ್‌ನೊಳಗಿನ ಅರ್ಥಿಂಗ್ ಪಟ್ಟಿಗೆ ಜೋಡಿಸಿ. ಪವರ್ ಕೇಬಲ್ ಸಿಕ್ಕಿಸುವ ಮೊದಲು ಈ ತಂತಿ ಜೋಡಣೆಯಾಗಿರಬೇಕು. ಸಾಧನ ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಇದನ್ನು ಬಿಚ್ಚಬೇಕು. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ಸಿಕ್ಕಿಸಿದ್ದು ಕಂಡರೆ ಆ ಕೇಬಲ್ ಅನ್ನು ಅಲ್ಲೇ ಕತ್ತರಿಸಿ ಎಸೆಯಿರಿ.

ಯುಪಿಎಸ್ ವಿಷಯದಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ಅಪಾಯವಿದೆ. ಪ್ಲಗ್ ಮೂಲಕ ವಿದ್ಯುತ್ ಪಡೆಯುವ ಯುಪಿಎಸ್‌ಗೆ ಅರ್ಥಿಂಗ್ ಕೂಡ ಅದೇ ಪ್ಲಗ್‌ನಿಂದ ಬರುತ್ತದೆ. ಬ್ಯಾಟರಿ ಪರೀಕ್ಷೆಗೆಂದು ಯಾರಾದರೂ ಆ ಪ್ಲಗ್ ಕಿತ್ತರೆ, ಸಾಧನಗಳು ಬ್ಯಾಟರಿಯ ಮೇಲೆ ಚಾಲೂ ಇರುತ್ತವೆ, ಆದರೆ ಅವುಗಳ ಅರ್ಥಿಂಗ್ ಹೋಗಿಬಿಟ್ಟಿರುತ್ತದೆ. ಪರೀಕ್ಷೆಗೆ ಪ್ಲಗ್ ಕೀಳದೆ ಎಂಸಿಬಿ ಇಳಿಸಿ, ಮತ್ತು ಯುಪಿಎಸ್‌ನ ಹೊರಕವಚವನ್ನೂ ಪ್ರತ್ಯೇಕ ತಂತಿಯಿಂದ ರ‍್ಯಾಕ್‌ನ ಪಟ್ಟಿಗೆ ಸೇರಿಸಿಡಿ. ಕಟ್ಟಡಗಳ ವಿದ್ಯುತ್ ಜೋಡಣೆಗೆ ಸಂಬಂಧಿಸಿದ ಐಇಸಿ 60364 ಮಾನದಂಡ ಕೂಡ ಅರ್ಥಿಂಗ್ ತಂತಿಯಲ್ಲಿ ಸದಾ ಹರಿಯುವ ಸೋರಿಕೆ 10 ಮಿಲಿಆಂಪಿಯರ್ ದಾಟುವಲ್ಲಿ ಬಲಪಡಿಸಿದ ತಂತಿ ಬೇಕೆನ್ನುತ್ತದೆ, ಉದಾಹರಣೆಗೆ ಕನಿಷ್ಠ 10 ಚದರ ಮಿಲಿಮೀಟರ್ ತಾಮ್ರ.

ಸೋರಿಕೆಯ ಈ ಮೊತ್ತ ಆರ್‌ಸಿಸಿಬಿಗೂ ಸಂಬಂಧಿಸಿದೆ. 30 ಮಿಲಿಆಂಪಿಯರ್ ಸಾಮರ್ಥ್ಯದ್ದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಒಂದು ಆರ್‌ಸಿಸಿಬಿಯ ಅಡಿಯಲ್ಲಿ ಸಹಜ ಸೋರಿಕೆ 9 ಮಿಲಿಆಂಪಿಯರ್ ಮೀರದಂತೆ ಸಾಧನಗಳನ್ನು ಎರಡು ಮೂರು ಲೈನ್‌ಗಳಿಗೆ ಹಂಚಿದರೆ ರಾತ್ರಿ ವೇಳೆ ಕಾರಣವಿಲ್ಲದೆ ಬೀಳುವ ಕಾಟ ತಪ್ಪುತ್ತದೆ. ಕಾಟ ತಪ್ಪಿಸಲು ಅರ್ಥಿಂಗ್ ತಂತಿ ಬಿಚ್ಚುವವರಿದ್ದಾರೆ. ಅದು ಜೀವದ ಜೊತೆಗಿನ ಆಟ.

ಸರ್ವರ್ ಮೆಮೊರಿ ಅಥವಾ ಕಾರ್ಡ್ ಬದಲಿಸುವಾಗ ಮೈಯ ಸ್ಥಿರವಿದ್ಯುತ್ತನ್ನು ಹರಿಯಬಿಡಲು ಧರಿಸುವ ಮಣಿಕಟ್ಟಿನ ಪಟ್ಟಿಯಲ್ಲಿ 10 ಲಕ್ಷ ಓಮ್‌ನ ರೆಸಿಸ್ಟರ್ ಇರುತ್ತದೆ. ಅದರ ಜಾಗದಲ್ಲಿ ಬರಿಯ ತಂತಿ ಕಟ್ಟಿಕೊಳ್ಳಬೇಡಿ.

ಐದನೆಯ ಹಂತ: ಡೇಟಾ ಕೇಬಲ್‌ಗಳು

ಲೋಹದ ಹೊದಿಕೆಯಿಲ್ಲದ ಸಾಧಾರಣ ಯುಟಿಪಿ ಕೇಬಲ್‌ನಲ್ಲಿ ಅರ್ಥಿಂಗ್ ಪ್ರಶ್ನೆ ಏಳುವುದಿಲ್ಲ. ಈಥರ್ನೆಟ್‌ನ ಐಇಇಇ 802.3 ಮಾನದಂಡದ ಪ್ರಕಾರ ಪ್ರತಿ ಈಥರ್ನೆಟ್ ಪೋರ್ಟ್‌ನ ಒಳಗಿನ ಪ್ರತ್ಯೇಕತೆ 1500 ವೋಲ್ಟ್ ಎಸಿಯನ್ನು ಒಂದು ನಿಮಿಷ ತಡೆಯಬೇಕು, ಆದ್ದರಿಂದ ಎರಡು ತುದಿಗಳ ನಡುವಿನ ಕೆಲವು ವೋಲ್ಟ್‌ಗಳ ವ್ಯತ್ಯಾಸ ಅದಕ್ಕೆ ಲೆಕ್ಕಕ್ಕಿಲ್ಲ. ಲೋಹದ ಹೊದಿಕೆ ಇರುವ ಶೀಲ್ಡೆಡ್ ಕೇಬಲ್ ಹಾಕಿದಾಗ ಮಾತ್ರ ಎಚ್ಚರ ಬೇಕು. ಹೊದಿಕೆಯನ್ನು ಅರ್ಥ್ ಮಾಡದೆ ಬಿಟ್ಟರೆ ಅದು ಗದ್ದಲವನ್ನು ಹಿಡಿದು ಒಳಗಿನ ತಂತಿಗಳಿಗೆ ಕೊಡುವ ಆಂಟೆನಾ ಆಗುತ್ತದೆ. ಲೋಹದ ಪ್ಯಾಚ್ ಪ್ಯಾನೆಲ್ (ಕೇಬಲ್‌ಗಳು ಬಂದು ಸೇರುವ ಪೋರ್ಟ್‌ಗಳ ಹಲಗೆ) ಬಳಸಿ, ಪ್ಯಾನೆಲ್ ಅನ್ನು ರ‍್ಯಾಕ್‌ನ ಅರ್ಥಿಂಗ್ ಪಟ್ಟಿಗೆ ಜೋಡಿಸಿ. ಎರಡೂ ತುದಿ ಜೋಡಿಸುವ ಮುನ್ನ ಹೊದಿಕೆ ಮತ್ತು ಆಚೆ ತುದಿಯ ಅರ್ಥಿಂಗ್ ನಡುವೆ ಎಸಿ ವೋಲ್ಟೇಜ್ ಅಳೆಯಿರಿ. ಒಂದು ವೋಲ್ಟ್‌ಗಿಂತ ಹೆಚ್ಚಿದ್ದರೆ ಹೊದಿಕೆಯನ್ನು ದೂರುವ ಬದಲು ಎರಡು ತುದಿಗಳ ಅರ್ಥಿಂಗ್ ನಡುವಿನ ಜೋಡಣೆಯನ್ನು ಸರಿಪಡಿಸಿ.

ಎರಡು ಕಟ್ಟಡಗಳ ನಡುವೆ ತಾಮ್ರದ ಡೇಟಾ ಕೇಬಲ್ ಎಳೆಯಬೇಡಿ. ಇದನ್ನು ಇಷ್ಟು ಕಟ್ಟುನಿಟ್ಟಾಗಿ ಹೇಳಲು ಕಾರಣವಿದೆ. ಅಂಗಳದಾಚೆಗಿನ ಎರಡು ಕಟ್ಟಡಗಳನ್ನು ಸುಮಾರು 60 ಮೀಟರ್ ಈಥರ್ನೆಟ್ ಕೇಬಲ್‌ನಿಂದ ಜೋಡಿಸಿದ್ದ ಒಂದು ಜಾಗದಲ್ಲಿ ಪ್ರತಿ ಗುಡುಗಿನ ಕಾಲದಲ್ಲೂ ಎರಡೂ ತುದಿಯ ಸ್ವಿಚ್‌ಗಳಲ್ಲಿ ಅದೇ ಕೇಬಲ್ ಸೇರಿದ್ದ ಪೋರ್ಟ್ ಸುಡುತ್ತಿತ್ತು. ಸಿಡಿಲು ಕಟ್ಟಡಕ್ಕೆ ನೇರವಾಗಿ ಬಡಿದದ್ದು ಯಾರಿಗೂ ನೆನಪಿಲ್ಲ. ಹತ್ತಿರದಲ್ಲಿ ಎಲ್ಲೋ ಬಿದ್ದಾಗ ಒಂದು ಕಟ್ಟಡದ ನೆಲದ ಮಟ್ಟ ಇನ್ನೊಂದಕ್ಕಿಂತ ಸಾವಿರಾರು ವೋಲ್ಟ್ ಮೇಲೇರಿ, ಆ ವ್ಯತ್ಯಾಸಕ್ಕೆ ಸಿಕ್ಕ ಏಕೈಕ ತಾಮ್ರದ ಸೇತುವೆ ಆ ಕೇಬಲ್ ಆಗಿತ್ತು. ಹೊಸ ಸ್ವಿಚ್, ಒಳ್ಳೆಯ ಸ್ವಿಚ್, ಮತ್ತೆ ಹೊಸ ಸ್ವಿಚ್ ಎಂದು ಬದಲಿಸುತ್ತಾ ಹೋದವರು ಕೊನೆಗೆ ಫೈಬರ್ ಎಳೆದರು, ಆ ಬಳಿಕ ಪೋರ್ಟ್ ಸುಡಲಿಲ್ಲ. ಫೈಬರ್‌ನಲ್ಲಿಯೂ ಒಂದು ಮಾತು: ಇಲಿ ಕಡಿಯದಂತೆ ಉಕ್ಕಿನ ಕವಚ ಇರುವ ಕೇಬಲ್ ಆರಿಸಿದರೆ ಆ ಉಕ್ಕು ತಾಮ್ರದಂತೆಯೇ ಪ್ರವಾಹ ಹೊರುತ್ತದೆ. ಅದನ್ನು ಕಟ್ಟಡ ಪ್ರವೇಶಿಸುವ ಜಾಗದಲ್ಲೇ ಅರ್ಥಿಂಗ್‌ಗೆ ಜೋಡಿಸಿ, ಒಳಗೆ ರ‍್ಯಾಕ್‌ವರೆಗೆ ಲೋಹವಿಲ್ಲದ ಕೇಬಲ್ ಮಾತ್ರ ಬರುವಂತೆ ಮಾಡಿ. ಲೋಹವೇ ಇಲ್ಲದ ಫೈಬರ್ ಸಿಕ್ಕರೆ ಇನ್ನೂ ಒಳ್ಳೆಯದು.

ಆರನೆಯ ಹಂತ: ಹೊರಗಿನಿಂದ ಬರುವ ತಂತಿಗಳು

ಛಾವಣಿಯ ಆಂಟೆನಾ ಕಂಬ, ಹೊರಾಂಗಣದ ವೈ-ಫೈ ಸಾಧನ, ಕ್ಯಾಮೆರಾ ಇವುಗಳ ಕೇಬಲ್‌ಗಳು ಒಳಗೆ ಬರುವ ಜಾಗದಲ್ಲಿ ಹಠಾತ್ ವೋಲ್ಟೇಜ್ ಏರಿಕೆಯನ್ನು ಅರ್ಥಿಂಗ್‌ಗೆ ಹರಿಸುವ ಸರ್ಜ್ ಪ್ರೊಟೆಕ್ಟರ್ ಕೂರಿಸಬೇಕು. ಆಂಟೆನಾ ಕಂಬವನ್ನು ಕನಿಷ್ಠ 16 ಚದರ ಮಿಲಿಮೀಟರ್ ತಾಮ್ರದಿಂದ ಕಟ್ಟಡದ ಅರ್ಥಿಂಗ್‌ಗೆ ಸೇರಿಸಿ. ಕಟ್ಟಡದಲ್ಲಿ ಸಿಡಿಲುರಕ್ಷಣೆಯ ಏರ್ಪಾಡು ಇದ್ದರೆ ಕಂಬವನ್ನು ಎಲ್ಲಿ, ಹೇಗೆ ಜೋಡಿಸಬೇಕೆಂಬುದನ್ನು ಅದನ್ನು ವಿನ್ಯಾಸ ಮಾಡಿದವರೇ ನಿರ್ಧರಿಸಬೇಕು. ಪ್ರೊಟೆಕ್ಟರ್‌ನ ಹಸಿರು ತಂತಿಯನ್ನು ಜೋಡಿಸದೆ ನೇತಾಡಲು ಬಿಟ್ಟರೆ ಅದು ಎರಡು ಕೇಬಲ್‌ಗಳನ್ನು ಸೇರಿಸುವ ತುಂಡಷ್ಟೇ ಆಗಿ ಉಳಿಯುತ್ತದೆ. ವಿದ್ಯುತ್ ಫಲಕದ ಸರ್ಜ್ ಪ್ರೊಟೆಕ್ಟರ್‌ನಲ್ಲಿ ಫೇಸ್ ಕಡೆಯ ಮತ್ತು ಅರ್ಥ್ ಕಡೆಯ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು, ಪ್ರತಿ ಮೀಟರ್‌ಗೆ ಸಾವಿರ ವೋಲ್ಟ್ ಎಂಬ ಮೇಲಿನ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ. ವಿದ್ಯುತ್ ಕೇಬಲ್ ಮತ್ತು ಡೇಟಾ ಕೇಬಲ್ ಕಟ್ಟಡವನ್ನು ಒಂದೇ ಬದಿಯಿಂದ ಪ್ರವೇಶಿಸಿ, ಎರಡರ ಪ್ರೊಟೆಕ್ಟರ್‌ಗಳೂ ಒಂದೇ ಪಟ್ಟಿಗೆ ಸೇರಿದರೆ ಅತ್ಯುತ್ತಮ. ಗುಡುಗು ಕೇಳಿಸುತ್ತಿರುವಾಗ ಛಾವಣಿಯ ಕೆಲಸ ನಿಲ್ಲಿಸಿ ಕೆಳಗಿಳಿಯಿರಿ.

ಟೆಲಿಕಾಂ ಸಾಧನಗಳು 48 ವೋಲ್ಟ್ ಡಿಸಿ ಪೂರೈಕೆಯಲ್ಲಿ ನಡೆಯುವುದಾದರೆ ಅಲ್ಲಿ ಸಾಮಾನ್ಯವಾಗಿ ಧನಧ್ರುವವನ್ನು ಅರ್ಥ್ ಮಾಡಿರುತ್ತಾರೆ. ನೆಲದಡಿಯ ಕೇಬಲ್‌ಗಳು ಸವೆಯದಿರಲೆಂದು ಬಂದ ಪದ್ಧತಿ ಅದು. ಕಪ್ಪು ತಂತಿ ಎಂದರೆ ಅರ್ಥ್ ಎಂದು ಊಹಿಸದೆ ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ.

ಏಳನೆಯ ಹಂತ: ಅಳೆದು ಬರೆದಿಡಿ

ಕೆಲಸ ಮುಗಿದ ಮೇಲೆ ಕಡಿಮೆ ರೋಧ ಅಳೆಯುವ ಮೀಟರ್‌ನಿಂದ ಪ್ರತಿ ರ‍್ಯಾಕ್, ಪ್ರತಿ ಬಾಗಿಲು, ಪ್ರತಿ ಪ್ಯಾಚ್ ಪ್ಯಾನೆಲ್‌ನಿಂದ ಬಸ್‌ಬಾರ್‌ವರೆಗೆ ಅಳೆಯಿರಿ. 0.1 ಓಮ್ ಮೀರಿದ ಪ್ರತಿ ಜೋಡಣೆಯನ್ನೂ ಬಿಚ್ಚಿ ನೋಡಬೇಕು. ಸಾಧನಗಳೆಲ್ಲ ಚಾಲೂ ಆದ ಬಳಿಕ ಬಸ್‌ಬಾರ್‌ನಿಂದ ಮುಖ್ಯ ಟರ್ಮಿನಲ್‌ಗೆ ಹೋಗುವ ತಂತಿಗೆ ಕ್ಲಾಂಪ್ ಮೀಟರ್ (ತಂತಿ ಬಿಚ್ಚದೆ ಪ್ರವಾಹ ಅಳೆಯುವ ಮೀಟರ್) ಹಾಕಿ. ಕೆಲವು ಹತ್ತು ಮಿಲಿಆಂಪಿಯರ್ ಸಹಜ. ಒಂದು ಆಂಪಿಯರ್ ಅಥವಾ ಹೆಚ್ಚು ಕಂಡರೆ ಎಲ್ಲೋ ನ್ಯೂಟ್ರಲ್ ಮತ್ತು ಅರ್ಥ್ ಎರಡನೆಯ ಕಡೆ ಸೇರಿಕೊಂಡಿವೆ ಎಂದು ಹುಡುಕಲು ಹೊರಡಿ. ಹಾಗೆ ಪ್ರವಾಹ ಹರಿಯುತ್ತಿರುವ ಅರ್ಥಿಂಗ್ ತಂತಿಯನ್ನು ಬಿಚ್ಚಿದರೆ ಬಿಚ್ಚಿದ ಎರಡು ತುದಿಗಳ ನಡುವೆ ಪ್ರಾಣಾಪಾಯದ ವೋಲ್ಟೇಜ್ ಬರಬಹುದು, ಆದ್ದರಿಂದ ಯಾವುದೇ ಹಳೆಯ ಅರ್ಥಿಂಗ್ ತಂತಿಗೆ ಸ್ಪ್ಯಾನರ್ ಹಾಕುವ ಮುನ್ನ ಕ್ಲಾಂಪ್ ಮೀಟರ್ ಹಾಕಬೇಕು.

ಅಳತೆಗಳನ್ನು ದಿನಾಂಕದೊಂದಿಗೆ ಬರೆದು ಒಂದು ಪ್ರತಿಯನ್ನು ರ‍್ಯಾಕ್‌ನ ಬಾಗಿಲಿನ ಒಳಬದಿಗೆ ಅಂಟಿಸಿ. ಗುಂಡಿಯ ರೋಧ ಮಣ್ಣಿನ ತೇವದೊಂದಿಗೆ ಏರಿಳಿಯುವುದರಿಂದ ಅದನ್ನು ವರ್ಷದ ಅತ್ಯಂತ ಒಣ ತಿಂಗಳಲ್ಲಿ ಮತ್ತೆ ಅಳೆಯಿರಿ. ಬಸ್‌ಬಾರ್‌ಗೆ ಸೇರುವ ಪ್ರತಿ ತಂತಿಯ ಎರಡೂ ತುದಿಗಳಿಗೆ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ‘ಸಡಿಲವಾಗಿದ್ದರೆ ತಿಳಿಸಿ, ಬಿಚ್ಚಬೇಡಿ’ ಎಂಬ ಸೂಚನೆಯನ್ನೂ ಬರೆದ, ಒದ್ದೆಯಾದರೂ ಅಳಿಸದ ಚೀಟಿ ಕಟ್ಟಿ.